ಇಬ್ಬರು ಸೇರಿ ಒಬ್ಬ ವಿದ್ಯಾರ್ಥಿನಿ

ಶಾಲೆಯ ಕೊನೆಯ ವರ್ಷ ಶುರುವಾದ ದಿನ ಹೆಡ್‌ಮಾಸ್ಟರು ಮೈಕಿನಲ್ಲಿ ನಾವೆಲ್ಲ ದೊಡ್ಡವರಾದೆವೆಂದು ಘೋಷಿಸಿದರು. ಅಂದೇ ಮಧ್ಯಾಹ್ನ ನೀರು ಕುಡಿಯಲು ಕೈ ಎತ್ತಿ ಅಪ್ಪಣೆ ಕೇಳಿದೆವು, ಸಿಗಲಿಲ್ಲ. ದೊಡ್ಡವರಿಗೆ ಬಾಯಾರಿಕೆ ಆಗಬಾರದಂತೆ.

ನನಗೂ ನನ್ನ ಗೆಳತಿ ಗುಬ್ಬಿಗೂ ಬೇರೆಯೇ ಚಿಂತೆ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನಾವು ಮೊದಲಿನಿಂದಲೂ ಜೋಡಿ. ಪ್ರಯೋಗ ಮಾಡುವುದು ಅವಳು, ಬರೆಯುವುದು ನಾನು. ಗಾಜಿನ ಸಾಮಾನು ಮುಟ್ಟಿದರೆ ನನಗೆ ಕೈ ನಡುಗುತ್ತದೆ. ಪೆನ್ನು ಮುಟ್ಟಿದರೆ ಅವಳಿಗೆ ನಿದ್ದೆ ಬರುತ್ತದೆ. ಇಂಥ ಆದರ್ಶ ಜೋಡಿ ಇನ್ನೊಂದಿಲ್ಲವೆಂದು ಲ್ಯಾಬ್ ಮೇಷ್ಟ್ರು ಹೊಗಳಿದ್ದರು. ಅದೇ ಬಾಯಲ್ಲಿ ಈಗ, ಕೊನೆಯ ಪರೀಕ್ಷೆಯಲ್ಲಿ ಒಬ್ಬೊಬ್ಬರೇ ಮಾಡಬೇಕೆಂದರು. ಒಬ್ಬಳು ಫೇಲಾದರೂ ಇಬ್ಬರೂ ಒಂದೇ ಕಾಲೇಜಿಗೆ ಸೇರುವ ಮಾತು ಅಲ್ಲಿಗೇ ಮುಗಿಯಿತು.

ಗುಬ್ಬಿಯ ಅಮ್ಮನ ಹೊಲಿಗೆ ಅಂಗಡಿಯ ಹಿಂದುಗಡೆ, ಒಬ್ಬರ ಕೆಲಸ ಇನ್ನೊಬ್ಬರು ಕಲಿಯುವ ಪಾಠ ಶುರುವಾಯಿತು. ಅಮ್ಮ ಮೆಷಿನ್ ತುಳಿಯುತ್ತಲೇ, ಇಷ್ಟು ವರ್ಷ ಶಾಲೆಯಲ್ಲಿ ಏನು ಮಾಡುತ್ತಿದ್ದಿರೆಂದು ವಿಚಾರಿಸಿದರು. ಸ್ನೇಹ ಮಾಡುತ್ತಿದ್ದೆವು ಎಂದು ಗುಬ್ಬಿ ಗಂಭೀರವಾಗಿ ಉತ್ತರಿಸಿದಳು.

ಡ್ರಾಪರಿನಿಂದ ಲೋಟಕ್ಕೆ ನೀರು ಬಿಡುವುದು ನನ್ನ ಅಭ್ಯಾಸ. "ಬೀಳ್ತಿರೋದು ಹನಿ ಕಣೇ, ಮನೆ ಚಾವಣಿ ಅಲ್ಲ. ಉಸಿರು ಬಿಡು," ಎಂದಳು ಗುಬ್ಬಿ. ಪ್ರಯೋಗದ ವಿವರ ಬರೆಯುವುದು ಅವಳ ಅಭ್ಯಾಸ. ಮೊದಲ ದಿನ ಬರೆದದ್ದು ಇಷ್ಟೇ: ಸುರಿದೆ, ಬಣ್ಣ ಬಂತು, ಖುಷಿಯಾಯಿತು.

ಪರೀಕ್ಷೆಯಲ್ಲಿ ನಮ್ಮಿಬ್ಬರನ್ನು ಲ್ಯಾಬಿನ ಎರಡು ತುದಿಗೆ ನಿಲ್ಲಿಸಿದರು. ದ್ರಾವಣ ತಿಳಿ ಗುಲಾಬಿಯಾದ ಕೂಡಲೇ ಬ್ಯುರೆಟ್ ಕೊಳವೆಯ ನಲ್ಲಿ ನಿಲ್ಲಿಸಬೇಕು. ನಾನು ನಿಲ್ಲಿಸುವಷ್ಟರಲ್ಲಿ ಅದು ಮದುವಣಗಿತ್ತಿಯ ಸೀರೆಯಷ್ಟು ಕೆಂಪಾಗಿತ್ತು. ಅಭ್ಯಾಸಬಲದಿಂದ ಗುಬ್ಬಿಯ ಕಡೆ ನೋಡಿದೆ. ಅವಳು ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದಳು. ತಲೆ ಎತ್ತಲಿಲ್ಲ. ಫ್ಲಾಸ್ಕ್ ತೊಳೆದು ಮತ್ತೆ ಮೊದಲಿನಿಂದ ಶುರುಮಾಡಿದೆ. ಈ ಸಲ ಬಣ್ಣ ಸರಿಯಾಗಿ ಬಂತು.

ಹೊರಗೆ ಅವಳು ನನಗಾಗಿ ಕಾಯುತ್ತಿದ್ದಳು. ಪೂರ್ತಿ ಬರೆದಳಂತೆ, ಇನ್ನೊಂದು ಹಾಳೆಯನ್ನೂ ಕೇಳಿ ತೆಗೆದುಕೊಂಡಳಂತೆ. ನನ್ನದೂ ಆಯಿತೆಂದೆ. ಕುಣಿಯಬೇಕಾದ ಹೊತ್ತು. ಆದರೆ ಒಬ್ಬರಿಲ್ಲದೆಯೂ ಇನ್ನೊಬ್ಬರಿಗೆ ನಡೆದಿತ್ತು; ಇಬ್ಬರೂ ಹಲ್ಲುನೋವಿನವರಂತೆ ನಿಂತಿದ್ದೆವು.

"ಮಧ್ಯದಲ್ಲಿ ಒಂದ್ಸಲ ಕೆಮ್ಮಿದೆ," ಎಂದಳು. "ನೀನು ತಿರುಗಿ ನೋಡ್ತೀಯ ಅಂತ."

"ಕೇಳಿಸ್ಲಿಲ್ಲ ಕಣೇ."

"ಗೊತ್ತಾಯ್ತು."

ನಿಜಕ್ಕೂ ಕೇಳಿಸಿರಲಿಲ್ಲ. ಬಸ್ ಸ್ಟಾಪಿನವರೆಗೂ ಪ್ರಶ್ನೆಪತ್ರಿಕೆಯ ಬಗ್ಗೆ ಬಹಳ ಮಾತಾಡಿದೆವು, ದೊಡ್ಡವರ ಹಾಗೆ. ಒಂದೇ ಕಾಲೇಜಿಗೆ ಸೇರುವ ಮಾತು ಇಬ್ಬರೂ ಎತ್ತಲಿಲ್ಲ.