ಆಷಾಢದ ಚೀಟಿ

ಕೆಂಪಸಿದ್ದಯ್ಯನ ಹೆಬ್ಬೆರಳಿಗೆ ಅಂಟಿದ್ದ ಬೇಗಡೆಯ ಚೂರು ಬಿಡುತ್ತಿರಲಿಲ್ಲ. ಕೇರಿಯ ಹಿರಿಯಳು ಮರಿತಾಯಮ್ಮ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಳು, ಉಗುರಿನಿಂದ ಕೆರೆದಳು. ಹುಣಸೆಬೀಜದ ಅಂಟು, ಬೆಳಗ್ಗೆ ಅವನೇ ಕುದಿಸಿದ್ದು. ಹೊಳೆಯುವ ಆ ಕೆಂಪು ಹಾಳೆ ಸತ್ತವನ ಬೆರಳ ತುದಿಯಲ್ಲಿ ಮಿಣುಗುತ್ತಲೇ ಇತ್ತು.

"ಬುಡಕ್ಕ, ಅಂಗೇ ಓಗ್ಲಿ," ಎಂದ ಎದುರಿನ ಕಾಫಿ ಹೋಟೆಲಿನ ಶಿವಣ್ಣ. "ಈಗಿನ್ನೂ ನನ್ ಅಂಗ್ಡೀಲಿ ಕಾಪಿ ಕುಡ್ದು ಬಯ್ದು ಬಂದ ಕಣಕ್ಕ. ಮಂಡ್ಯದಲ್ಲಿ ಸಕ್ರೆ ಕಾರ್ಖಾನೆ ಆದ್ರೂ ನಿನ್ ಲೋಟಕ್ಕೆ ಸಕ್ರೆ ಬರ್ನಿಲ್ವಲ್ಲಾ ಸಿವಣ್ಣ, ಅಂದ. ಇನ್ನೊಂದ್ ಚಮಚ ಆಕ್ಬುಟ್ಟು ಬಾಯ್ ಮುಚ್ಚಿಸ್ಮಾ ಅಂತ ಬಂದು ನೋಡುದ್ರೆ..."

ಚಮಚ ಇನ್ನೂ ಅವನ ಕೈಯಲ್ಲೇ ಇತ್ತು.

ಮದ್ದೂರಿನ ಸುತ್ತ ಯಾರ ಮದುವೆಯಾದರೂ ಹೆಣ್ಣುಗಂಡಿನ ಹಣೆಯ ಮೇಲೆ ಕೂರುವ ಬಾಸಿಂಗ ಕೆಂಪಸಿದ್ದಯ್ಯನ ಕೈಯದೇ. ಬೆಂಡು, ಬೇಗಡೆ, ಜರಿ ಇವಷ್ಟೇ ಅವನ ಬದುಕು. ಉಳಿದ ಚೂರುಗಳನ್ನು ಅವನು ಗುಡಿಸಿ ಎಸೆದವನಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಇಸ್ಪೀಟಿನ ಎಲೆಯಷ್ಟಕ್ಕೆ ಕತ್ತರಿಸಿ, ಅದರ ಬೆನ್ನಿಗೆ ಆ ಚೂರುಗಳನ್ನೆಲ್ಲ ಅಂಟಿಸುತ್ತಿದ್ದ. ದರ್ಜಿಯ ಅಂಗಡಿಯ ರವಿಕೆ ಚೂರು ಗಿಣಿಯ ರೆಕ್ಕೆಯಾಗುತ್ತಿತ್ತು, ಸಾಸಿವೆ ಅದರ ಕಣ್ಣು. ಬೆಂಕಿಪೊಟ್ಟಣದ ರಟ್ಟು ರೈಲಾಗುತ್ತಿತ್ತು, ಹತ್ತಿ ಅದರ ಹೊಗೆ. ಬಾಸಿಂಗ ಒಯ್ಯಲು ಬಂದವರ ಮನೆಯ ಮಕ್ಕಳಿಗೆಂದು ಒಂದೊಂದು ಕೊಟ್ಟುಕಳಿಸುತ್ತಿದ್ದ. ಊರು ಅದನ್ನು ಸಿದ್ದಯ್ಯನ ಚೀಟಿ ಎನ್ನುತ್ತಿತ್ತು. ಚೀಟಿ ಅಂಟಿಸದ ಗೋಡೆ ಆ ಕೇರಿಯಲ್ಲಿ ಇರಲಿಲ್ಲ.

ಊರಿಗೆಲ್ಲ ಬಾಸಿಂಗ ಕಟ್ಟಿದವನು ತಾನು ಕಟ್ಟಿಕೊಂಡಿರಲಿಲ್ಲ. ಹಾಗಾಗಿ ಅವನ ತಮ್ಮ ಮುದ್ದಯ್ಯ ಪಕ್ಕದ ಹಳ್ಳಿಯಿಂದ ಬರುತ್ತಲೇ ಬೇಲಿಯಿಂದ ಒಂದು ಎಕ್ಕದ ಗಿಡ ಕಿತ್ತುಕೊಂಡು ಬಂದಿದ್ದ. ಮದುವೆಯಾಗದೆ ಸತ್ತವನಿಗೆ ಎಕ್ಕದ ಜೊತೆ ಮದುವೆ ಮಾಡಿಯೇ ಮಣ್ಣಿಗೆ ಕಳಿಸಬೇಕು. ಇಲ್ಲದಿದ್ದರೆ ಗಾಳಿಯಾಗಿ ಮನೆಯವರನ್ನು ಹಿಡಿಯುತ್ತಾನೆ.

"ಗಿಡ ಸಿಕ್ತು. ಬಾಸಿಂಗ ಕಟ್ಟೋನ್ ಯಾರು?" ಎಂದ ಮುದ್ದಯ್ಯ. ಕಟ್ಟುವವನು ತನ್ನ ಅಂಗಡಿಯ ಚಾಪೆಯ ಮೇಲೆ ಮಲಗಿದ್ದ.

ಆಗಲೇ ಇಬ್ಬರು ಹೆಂಗಸರು ಅಂಗಡಿಯ ಮೆಟ್ಟಿಲು ಹತ್ತಿದ್ದು. ಮುಂದೆ ಬಂದವಳು ಮಳವಳ್ಳಿಯ ಮಂಚಮ್ಮ. ಕಂಕುಳಲ್ಲಿ ಪೇಟೆಯ ಗಂಟು, ಬಾಯಲ್ಲಿ ಎಲೆಅಡಿಕೆ. ಹಿಂದೆ ಚಲುವಮ್ಮ, ಇದೇ ಊರಿನ ವಿಧವೆ. ಚಲುವಮ್ಮನ ಮಗಳು ಯಶೋದೆಯನ್ನು ಮಂಚಮ್ಮ ತನ್ನ ಮಗನಿಗೆ ತಂದುಕೊಳ್ಳುವುದೆಂದು ಮಾತಾಗಿತ್ತು. ಮದುವೆಯ ಬಾಸಿಂಗ ಎಲ್ಲಿಯವರೆಗೆ ಬಂತು ನೋಡೋಣವೆಂದು ಬೀಗಿತಿಯರು ಬಂದಿದ್ದರು.

"ಅಯ್ಯಯ್ಯೋ ಶಿವನೇ!" ಎಂದು ಮಂಚಮ್ಮ ಬಾಗಿಲಲ್ಲೇ ನಿಂತಳು.

ಚಲುವಮ್ಮ ಚಾಪೆಯನ್ನು ನೋಡಿದಳು. ಆ ಬೆರಳನ್ನು ನೋಡಿದಳು. ಸೊಂಟದ ಎಲೆಅಡಿಕೆಯ ಚೀಲವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಯಾವಾಗ?" ಎಂದಳು, ಬಸ್ಸು ಯಾವಾಗ ಹೋಯಿತೆಂದು ಕೇಳುವವಳ ಹಾಗೆ.

"ಒಸಿ ಒತ್ತಾಯ್ತು ಕಣವ್ವ. ಕಾಪಿ ಆರೋವಷ್ಟ್ರಲ್ಲಿ," ಎಂದ ಶಿವಣ್ಣ.

ಅವಳು ಅಳಲಿಲ್ಲ. ಬಾಸಿಂಗಕ್ಕೆ ಹೇಳಿಹೋದವರು ಬಾಸಿಂಗದವನಿಗಾಗಿ ಎಷ್ಟು ಅಳಬಹುದು? ಅಷ್ಟು ಅತ್ತು ನಿಲ್ಲಿಸುವುದು ತನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು. ಗೋಡೆಗೆ ಒರಗಿ ನಿಂತಳು.

*

ಬಾಸಿಂಗ ಕಟ್ಟುವವನಿಗೆ ಆಷಾಢದಲ್ಲಿ ಕೆಲಸವಿಲ್ಲ. ಬೆಂಡು ಸೀಳುವ ಕೂಲಿಗೆ ಬರುತ್ತಿದ್ದ ಚಲುವಮ್ಮನಿಗೂ ಇಲ್ಲ. ಆದರೂ ಹತ್ತು ವರ್ಷದ ಹಿಂದೆ ಅವಳು ಒಂದು ಆಷಾಢದ ಮಧ್ಯಾಹ್ನ ಬಂದಿದ್ದಳು. ಸಣ್ಣವಳಾಗಿದ್ದ ಯಶೋದೆ ಅವಳ ಸೆರಗು ಹಿಡಿದಿದ್ದಳು.

"ಯಾರ್ಗೂ ಮದ್ವೆ ಇಲ್ಲ ಕಣಮ್ಮ, ಆಸಾಡ," ಎಂದಿದ್ದ ಕೆಂಪಸಿದ್ದಯ್ಯ.

"ಗೊತ್ತು."

"ಮತ್ಯಾಕ್ ಬಂದೆ?"

"ಅಂಟು ಒಣಗೋಯ್ತದಲ್ಲ ಅಂತ."

ಅವನು ನಕ್ಕು ಚಾಪೆಯ ಮೇಲಿದ್ದ ಚೂರುಗಳನ್ನು ಅತ್ತ ಸರಿಸಿದ. ಅವತ್ತು ಅವಳು ಮೊದಲ ಚೀಟಿ ಮಾಡಿದ್ದು. ಗಿಣಿ ಮಾಡಲು ಹೋಗಿ ಕಾಗೆ ಮಾಡಿದಳು. ಅವನು ಅದಕ್ಕೆ ಜರಿಯ ಎಳೆಯಿಂದ ಒಂದು ಮೂಗುತಿ ಇಟ್ಟ. "ಕಾಗೆ ಆದ್ರೇನು, ಗಂಡನ್ ಮನೆಗೋಗದು ಬ್ಯಾಡ್ವಾ?" ಎಂದ. ಯಶೋದೆ ಬಿದ್ದು ಬಿದ್ದು ನಕ್ಕಳು. ಆ ಅಂಗಡಿಯಲ್ಲಿ ಉಪಯೋಗಕ್ಕೆ ಬಾರದ್ದು ಎಂಬುದೇ ಇರಲಿಲ್ಲ. ಉಳಿದ ಕಾಗದ, ಉಳಿದ ದಾರ, ಉಳಿದ ತಿಂಗಳು.

ಮರುವರ್ಷದ ಆಷಾಢದಲ್ಲಿ ಅವನು ಒಂದು ಚೀಟಿಯ ಮೇಲೆ ಉಗುರಿನಷ್ಟು ದೊಡ್ಡ ಬಾಸಿಂಗ ಕಟ್ಟಿದ. ಅಷ್ಟೇ ದೊಡ್ಡದು ಇನ್ನೊಂದನ್ನು ಕಟ್ಟಿ ಚಾಪೆಯ ಮೇಲಿಟ್ಟ.

"ಇದ್ಯಾರ್ದು?"

"ಅಂಟ್ಸಿರೋದು ನಂದು."

"ಅದು?"

ಅವನು ಅಂಟಿನ ಬಟ್ಟಲನ್ನು ಅವಳ ಕಡೆ ಸರಿಸಿದ. ಅವಳು ಬೆರಳನ್ನು ಅಂಟಿಗೆ ಅದ್ದಿ, ಎರಡನೆಯದನ್ನು ತಾನೇ ಎತ್ತಿ, ಮೊದಲಿನದರ ಪಕ್ಕದಲ್ಲಿ ಒತ್ತಿ ಹಿಡಿದಳು. ಒಣಗುವ ತನಕ ತೆಗೆಯಲಿಲ್ಲ. ಆಮೇಲೆ ಅವನು ಆ ಚೀಟಿಯನ್ನು ಅವಳ ಹಣೆಗೆ ಮುಟ್ಟಿಸಿದ. ಅವಳು ಅವನ ಹಣೆಗೆ.

"ಆಯ್ತಾ?"

"ಆಯ್ತು."

ಇಬ್ಬರ ಕುಲ ಬೇರೆ. ಗೊತ್ತಾದರೆ ಯಶೋದೆಯನ್ನು ಕುಲದಲ್ಲಿ ಯಾರೂ ತಂದುಕೊಳ್ಳುವುದಿಲ್ಲ. "ಮಗೀನ್ ಮದ್ವೆ ಆಗ್ಲಿ ಕಣ್ ಚಲುವಿ. ಆಮೇಕೆ ಊರ್ಗೆಲ್ಲಾ ಏಳ್ಮ," ಎಂದಿದ್ದ ಅವನು. "ಬಾಸಿಂಗ ನಾನೇ ಕಟ್ತೀನಿ. ಮದ್ದೂರು ಕಂಡಿರ್ಬಾರ್ದು, ಅಂಥದ್ದು."

*

ಅಂಥದ್ದು ಅರ್ಧಕ್ಕೆ ನಿಂತು ಮೂಲೆಯ ಮಣೆಯ ಮೇಲಿತ್ತು. ಮುದ್ದಯ್ಯನ ಕಣ್ಣು ಅದರ ಮೇಲೆ ಬಿತ್ತು.

"ಇಲ್ಲೇ ಅದಲ್ಲ! ಇದ್ನೇ ಕಟ್ಟಿ."

"ಏಯ್, ಮುಟ್ಟೀಯ!" ಮಂಚಮ್ಮ ಎಲೆಅಡಿಕೆ ಉಗಿದು ಬಂದಳು. "ನನ್ ಸೊಸೆ ಬಾಸಿಂಗನ ಎಣಕ್ಕೆ ಕಟ್ಟೀಯೇನ್ಲಾ? ನಿನ್ ಕೈ ಸೇದೋಗ!"

"ಬಯ್ಬ್ಯಾಡ ಕಣಮ್ಮ, ಅಣ್ಣನ್ನ ಅಂಗೇ ಕಳ್ಸಕ್ಕಾದದಾ?"

ಶಿವಣ್ಣ ಚೀಟಿಗಳ ಡಬ್ಬಿ ಕೆದಕಿ, ಸಣ್ಣ ಬಾಸಿಂಗವಿದ್ದ ಒಂದು ಚೀಟಿ ಎತ್ತಿದ. "ಇದ್ಕೇ ದಾರ ಕಟ್ಟಿ. ಎಕ್ಕಕ್ಕೇನ್ ಗೊತ್ತಾದದು, ದೊಡ್ದು ಚಿಕ್ದು?" ಒಬ್ಬರಿಬ್ಬರು ನಕ್ಕರು. ನಕ್ಕಿದ್ದಕ್ಕೆ ತಾವೇ ಬೆಚ್ಚಿ ಸುಮ್ಮನಾದರು.

ಮರಿತಾಯಮ್ಮ ಚೀಟಿಗೆ ಅರಿಸಿನದ ದಾರ ಪೋಣಿಸುತ್ತ ಕುಳಿತಳು. ಮಂಚಮ್ಮ ಗೋಡೆಯ ಬಳಿಗೆ ಬಂದು ಚಲುವಮ್ಮನಿಗೆ ಮೆಲ್ಲಗೆ ಹೇಳಿದಳು:

"ನಮ್ಮಣ್ಣನ್ಗೂ ಇಂಗೇ ಎಕ್ಕ ಕಟ್ಟಿದ್ರು ಕಣವ್ವ. ಕಟ್ತಿದ್ರೆ, ಅತ್ಲಾಗೆ ಬೇಲೀತಾವ ಒಂದೆಣ್ಣು ನಿಂತ್ಕಂಡು ಅಳ್ತಿತ್ತು. ಬಾಯಿಗೆ ಸೆರಗು ತುರುಕ್ಕಂಡು. ಯಾರು ಏನು ಅಂತ ನಾವ್ಯಾರೂ ಕೇಳ್ನಿಲ್ಲ. ಕೇಳ್ಬೇಕಾಗಿತ್ತು ಅನ್ಸದೆ ಈಗ."

ಚಲುವಮ್ಮನ ಕಣ್ಣು ಎಕ್ಕದ ಗಿಡದ ಮೇಲೇ ಇತ್ತು.

ಎಕ್ಕ ಕಟ್ಟುವ ಮೊದಲು, ಸತ್ತವನಿಗೆ ಮದುವೆ ಆಗಿದೆಯೇ ಎಂದು ಕೇರಿಯ ಹಿರಿಯರು ಮೂರು ಸಲ ಕೇಳುವುದು ಅಲ್ಲಿನ ರೂಢಿ. ಉತ್ತರ ಬರಲೆಂದು ಕೇಳುವುದಲ್ಲ. ಯಾರೂ ಮಾತಾಡದಿದ್ದರೆ ಕಟ್ಟುವುದು.

"ಈ ಗಂಡ್ಸಿಗೆ ಮದ್ವೆ ಆಗದಾ?" ಎಂದಳು ಮರಿತಾಯಮ್ಮ.

ಅಂಗಡಿಯ ಕೋಣೆ ಕಸ್ತೂರಿರಂಗ ಮೇಷ್ಟ್ರದು. ಅವರು ಬೀದಿಯಲ್ಲೇ, ಕೊಡೆಯ ಕೆಳಗೆ, ಮೈಲಿಗೆಯಿಂದ ದೂರ ನಿಂತಿದ್ದರು.

"ಮದ್ವೆ ಆಗದಾ?"

ಬೀದಿಯಲ್ಲಿ ಕಬ್ಬಿನ ಗಾಡಿಯೊಂದು ಹಾದುಹೋಯಿತು. ಮುದ್ದಯ್ಯ ಎಕ್ಕದ ಗಿಡವನ್ನು ಅಣ್ಣನ ಎದೆಯ ಪಕ್ಕಕ್ಕೆ ತಂದ. ಅದರ ಬೇರಿನಿಂದ ಮಣ್ಣು ಉದುರಿತು.

"ಮದ್ವೆ ಆಗದಾ?"

"ಆಗದೆ."

ಎಲ್ಲರೂ ತಿರುಗಿದರು. ಹೇಳಿದ ಬಾಯಿ ತನ್ನದೋ ಅಲ್ಲವೋ ಎಂಬಂತೆ ಚಲುವಮ್ಮನೂ ಸುತ್ತ ನೋಡಿದಳು. ಮರಿತಾಯಮ್ಮನ ಕೈಯಿಂದ ದಾರ ಜಾರಿತು.

ಮೇಷ್ಟ್ರಿಗೆ ಮಾತು ಬೇರೆಯಾಗಿ ಕೇಳಿಸಿತ್ತು. ಅವರು ಕೊಡೆಯನ್ನು ಬಾಗಿಸಿ ಮೃದುವಾಗಿ ಕೇಳಿದರು: "ಮದುವೆ ಆಗದೆ... ಹೇಳಮ್ಮ, ಯಾಕೆ ನಿಲ್ಲಿಸಿದೆ? ಆಗದೆ ಹೋಗಿಬಿಟ್ಟ ಪಾಪ, ಅಂತ ತಾನೆ?"

ಮೇಷ್ಟ್ರ ಪುಸ್ತಕದ ಕನ್ನಡದಲ್ಲಿ ಆ ಮಾತು ಅರ್ಧಕ್ಕೆ ನಿಂತಿತ್ತು. ಮದ್ದೂರಿನ ಕನ್ನಡದಲ್ಲಿ ಮುಗಿದುಹೋಗಿತ್ತು. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಆದರೂ ಮೇಷ್ಟ್ರು ತೆರೆದ ಬಾಗಿಲು ತೆರೆದೇ ಇತ್ತು.

ಮಂಚಮ್ಮ ಚಲುವಮ್ಮನ ರಟ್ಟೆ ಹಿಡಿದು ಅಮುಕಿದಳು. "ಊ ಕಣ್ ಮೇಷ್ಟ್ರೆ, ಅದ್ನೇ ಅಂದಿದ್ದು. ಆಗ್ದೇ ಓದ ಅಂತ. ಅಲ್ವೇನವ್ವ? ಊ ಅನ್ನು."

ಊ ಅಂದರೆ ಮುಗಿಯಿತು. ವೈಶಾಖದಲ್ಲಿ ಯಶೋದೆಯ ಮದುವೆ. ಕೆಂಪಸಿದ್ದಯ್ಯ ಎಕ್ಕದ ಗಂಡನಾಗಿ ಮಣ್ಣಿಗೆ ಹೋಗುತ್ತಾನೆ. ಚಲುವಮ್ಮ ಅವನ ಬೆರಳಿನ ಕೆಂಪನ್ನು ನೋಡಿದಳು. ಯಶೋದೆಯ ಬಾಸಿಂಗದ ಬೇಗಡೆ ಅದು.

"ಆಗದೆ ಅಂದೆ ಸ್ವಾಮಿ," ಎಂದಳು. "ಆಗ್ಯದೆ. ನಂಜೊತೆ. ಆಗಿ ಒಂಬತ್ತು ವರ್ಸ ಆಗದೆ. ಎಕ್ಕ ಕಟ್ಬ್ಯಾಡಿ."

ಮಂಚಮ್ಮನ ಕೈ ಅವಳ ರಟ್ಟೆಯನ್ನು ಬಿಟ್ಟಿತು.

ಶಿವಣ್ಣ ಚಮಚವನ್ನು ನೋಡಿಕೊಳ್ಳುತ್ತ ನಿಂತ. ಮೇಷ್ಟ್ರು ಕೊಡೆಯನ್ನು ಮುಚ್ಚಿದರು, ಮತ್ತೆ ತೆರೆದರು.

"ಏನಂದೆ?" ಮುದ್ದಯ್ಯ ಎಕ್ಕವನ್ನು ಕೆಳಗಿಟ್ಟ. "ಯಾವ್ ಛತ್ರದಲ್ಲಿ ಆಯ್ತು? ನಾನ್ ಒಡುಟ್ಟಿದ ತಮ್ಮ, ನಂಗೇಳ್ದೆ? ಏನದೆ ಸಾಕ್ಸಿ?"

ಅವಳು ಎಲೆಅಡಿಕೆಯ ಚೀಲ ಬಿಚ್ಚಿದಳು. ಸುಣ್ಣದ ಡಬ್ಬಿಯ ಹಿಂದಿನಿಂದ ಚೀಟಿ ತೆಗೆದಳು. ಅಂಚು ಸವೆದು ಎಲೆಯ ಹಾಗೆ ಮೆದುವಾಗಿತ್ತು. ಎರಡು ಬಾಸಿಂಗ ಅಲುಗದೆ ಇದ್ದವು.

ಮುದ್ದಯ್ಯ ನೋಡಿದ. ನಕ್ಕುಬಿಟ್ಟ. ಕಣ್ಣಲ್ಲಿ ನೀರಿತ್ತು.

"ಇದಾ? ಇಂಥ ಚೀಟಿ ನಮ್ಮನೆ ಗ್ವಾಡೆ ಮ್ಯಾಲೂ ಅದೆ. ಸಿವಣ್ಣನ ಓಟ್ಲಲ್ಲೂ ಅದೆ. ಅಂಗಾರೆ ಸಿವಣ್ಣನೂ ನಮ್ಮತ್ಗೆಯೇನ್ಲಾ?"

ಈ ಸಲ ಯಾರೂ ನಗಲಿಲ್ಲ. ಮರಿತಾಯಮ್ಮ ಎದ್ದು ಬಂದು ಚೀಟಿಯನ್ನು ಬೆಳಕಿಗೆ ಹಿಡಿದಳು. ಎರಡು ಬಾಸಿಂಗದ ಚೀಟಿ ಅವಳು ಯಾರ ಮನೆಯಲ್ಲೂ ಕಂಡಿರಲಿಲ್ಲ. ಹೆಣದ ಮುಂದೆ ಹೆಂಡತಿಗೆ ಮಾಡುವುದನ್ನು ಮಾಡಲು ಚಲುವಮ್ಮನ ಕೈ ಹಿಡಿದು ಮಣಿಕಟ್ಟನ್ನು ತಡಕಿದಳು. ಬೆರಳು ಬರಿಯ ಚರ್ಮದ ಮೇಲೆ ಓಡಾಡಿತು.

"ಬಳೇನೇ ಇಲ್ವಲ್ಲವ್ವ ಒಡ್ಯಕ್ಕೆ," ಎಂದಳು, ತನ್ನಷ್ಟಕ್ಕೆ.

"ನೋಡುದ್ರಾ!" ಎಂದ ಮುದ್ದಯ್ಯ. "ಬಳೆ ಇಲ್ದೋಳು ಯಾವ್ ಎಡ್ತಿ? ಇವ್ಳ ಬಳೆ ಆಗ್ಲೇ ಒಬ್ಬನ್ ಎಸ್ರಲ್ಲಿ ಒಡೆದೋಗವೆ. ಸರೀರಿ ಅತ್ಲಾಗೆ, ಒತ್ತಾಯ್ತು."

ಅವನು ಎಕ್ಕವನ್ನು ಮತ್ತೆ ಎತ್ತಿಕೊಂಡ. ಚಲುವಮ್ಮನಿಗೆ ಮಗಳ ಮದುವೆಯೂ ಹೋಯಿತು, ತನ್ನದೂ ಹೋಯಿತು. ಅವಳ ಬರಿಗೈ ಮರಿತಾಯಮ್ಮನ ಕೈಯಲ್ಲೇ ಇತ್ತು.

ಗಂಟು ನೆಲಕ್ಕೆ ಬಿದ್ದ ಸದ್ದಾಯಿತು. ಮಂಚಮ್ಮ ಕುಕ್ಕರುಗಾಲಲ್ಲಿ ಕುಳಿತು ಅದನ್ನು ಬಿಚ್ಚುತ್ತಿದ್ದಳು. ಧಾರೆ ಸೀರೆಯನ್ನು ಪಕ್ಕಕ್ಕೆ ಎಸೆದಳು. ಅದರಡಿಯಲ್ಲಿ ಕಾಗದ ಸುತ್ತಿದ ಹಸಿರು ಗಾಜಿನ ಬಳೆ, ಸೊಸೆಗೆಂದು ಆಗಷ್ಟೇ ಮದ್ದೂರಿನ ಪೇಟೆಯಲ್ಲಿ ಕೊಂಡದ್ದು. ಕಾಗದ ಹರಿದಳು.

"ಬಳೆ ತಾನೇ ಬೇಕಾಗಿರಾದು ನಿಂಗೆ?" ಎಂದಳು ಮುದ್ದಯ್ಯನ ಮುಖ ನೋಡಿ. ಅವಳು ಚಲುವಮ್ಮನ ಕಡೆ ತಿರುಗಿದಳು. "ಕೈ ನೀಡು."

"ಬ್ಯಾಡ ಕಣವ್ವ. ಅದು ಮಗೀದು."

"ಮಗೀಗೆ ಬ್ಯಾರೆ ತತ್ತೀನಿ. ನೀಡು ಬೀಗಿತಿ, ಒತ್ತಾಗದೆ."

ಬೆಂಡು ಸೀಳಿ ಗಟ್ಟಿಯಾದ ಕೈ. ಗೆಣ್ಣಿನ ಹತ್ತಿರ ಬಳೆ ನಿಂತಿತು. ಮರಿತಾಯಮ್ಮ ಸತ್ತವನ ಬೆರಳು ತೊಳೆದ ಬಟ್ಟೆಯನ್ನೇ ಎತ್ತಿ ಆ ಕೈಯ ಮೇಲೆ ಹಿಂಡಿದಳು. ನೀರು ಇನ್ನೂ ಬೆಚ್ಚಗಿತ್ತು. ಬಳೆ ಒಂದೊಂದಾಗಿ ಜಾರಿ ಇಳಿದವು.

ಮುದ್ದಯ್ಯ ಎಕ್ಕದ ಗಿಡವನ್ನು ಬಾಗಿಲ ಹೊರಗೆ ಇಟ್ಟು ಬಂದ. ಶಿವಣ್ಣ ಚಲುವಮ್ಮನ ಚೀಟಿಯನ್ನು ತೆಗೆದುಕೊಂಡು, ಬಟ್ಟಲಿನ ಅಂಟನ್ನು ಚಮಚದಿಂದ ಕೆರೆದು ಅದರ ಬೆನ್ನಿಗೆ ಸವರಿ, ಕೆಂಪಸಿದ್ದಯ್ಯನ ಹಣೆಗೆ ಒತ್ತಿ ಹಿಡಿದ.

ಮರಿತಾಯಮ್ಮ ಹೊಸ್ತಿಲ ಪಕ್ಕದ ಕಲ್ಲು ತಂದಳು. ಎತ್ತಿದಳು.

"ಒಸಿ ತಡೀರಿ," ಎಂದಳು ಚಲುವಮ್ಮ.

ಕೈಯನ್ನು ಅವನ ಕಿವಿಯ ಹತ್ತಿರ ಒಯ್ದು ಒಂದು ಸಲ ಅಲುಗಿಸಿದಳು. ಬಳೆ ಸದ್ದು ಮಾಡಿದವು.