ತೂಬಿನ ಮೇಲಿನ ಆಕಾಶ

ನನ್ನ ಗಂಡನನ್ನು ಕೂದಲು ಹಿಡಿದು ಎಳೆದುಕೊಂಡು ಹೋದವರೆಲ್ಲ ನಮ್ಮ ನೆರೆಯವರೇ. ಅವರನ್ನು ನಮ್ಮ ಮನೆಗೆ ನುಗ್ಗಿಸಿದವನು ಟ್ಯೂನಿಸ್. ಅವನ ಹೊಲದ ಅಗಸೆಬೀಜದಿಂದ ಹಿಂಡಿದ ಎಣ್ಣೆಯಲ್ಲೇ ನನ್ನ ಗಂಡ ವೋಲ್ಫರ್ಟ್ ಮದುವೆಗೆ ಮೊದಲಿನಿಂದಲೂ ಆಕಾಶ ಬರೆಯುತ್ತಿದ್ದ.

ನಮ್ಮೂರು ಆಲ್ಕೆವೇನ್‌ನಲ್ಲಿ ವೋಲ್ಫರ್ಟ್ ಒಬ್ಬನೇ ಚಿತ್ರಕಾರ. ಹೊಲ, ಕಾಲುವೆ, ಗಾಳಿಗಿರಣಿ ಬರೆಯುತ್ತಿದ್ದ; ಆದರೆ ಅವನ ಯಾವ ಚಿತ್ರ ತೆಗೆದುಕೊಂಡರೂ ಮುಕ್ಕಾಲು ಪಾಲು ಆಕಾಶವೇ. ಮೊದಲು ಸೀಸದ ಬಿಳಿಯಲ್ಲಿ ಮೋಡಗಳನ್ನು ದಪ್ಪಗೆ ಕಟ್ಟಿ ಕಲ್ಲಿನಂತೆ ಒಣಗಲು ಬಿಡುತ್ತಿದ್ದ. ಆಮೇಲೆ ಎಣ್ಣೆಯಲ್ಲಿ ಚಿಟಿಕೆ ಬಣ್ಣ ಕಲಸಿ, ಕೆಳಗಿನದು ಪೂರಾ ಕಾಣುವಷ್ಟು ತೆಳ್ಳಗೆ ಅದರ ಮೇಲೆ ಸವರುತ್ತಿದ್ದ. ಮನೆಯಲ್ಲಿ ನಾವು ಅದನ್ನು ತಿಳಿಬಣ್ಣ ಅನ್ನುತ್ತಿದ್ದೆವು. ಒಂದು ಪದರ ಒಣಗಬೇಕು, ಆಮೇಲೆ ಇನ್ನೊಂದು. ಮಂಜಿಷ್ಠದ ಕೆಂಪು, ಅದರ ಮೇಲೆ ಹಳದಿಯ ನೆರಳು, ಅಂಚಿಗೆ ನೀಲಿ. ಅವಸರ ಮಾಡಿದರೆ ಕೆಳಗಿನದು ಕದಡಿ ಕೆಸರಾಗುತ್ತದೆ. ಕಾದರೆ, ಕೆಳಗಿನ ಬಿಳಿ ಅಷ್ಟೂ ಪದರಗಳನ್ನು ತೂರಿಕೊಂಡು ಬಂದು, ಚಿತ್ರದ ಹಿಂದೆ ಯಾರೋ ದೀಪ ಹಿಡಿದಂತೆ ಬೆಳಗುತ್ತದೆ. ಬಣ್ಣ ಅರೆಯುವವಳು ನಾನು. ಯಾವುದು ಎಷ್ಟು ಎಣ್ಣೆ ಕುಡಿಯುತ್ತದೆಂದು ನನ್ನ ಕೈಗೆ ಗೊತ್ತಿತ್ತು.

ಟ್ಯೂನಿಸ್ ಎಣ್ಣೆ ತಂದಾಗಲೆಲ್ಲ ನಮ್ಮ ಮನೆಯಲ್ಲೇ ಬಿಯರ್ ಕುಡಿದು ಹೋಗುತ್ತಿದ್ದ.

"ಲೋ ವೋಲ್ಫರ್ಟ್, ನನ್ನ ಎಣ್ಣೇನೆಲ್ಲ ಮೋಡಕ್ಕೆ ಕುಡಿಸ್ತೀಯಲ್ಲೋ. ಒಂದಿನಾನಾದ್ರೂ ಮಳೆ ಸುರಿಸ್ತಾ ಅದು?"

"ಸುರಿಸಿದ್ರೆ ನಿನ್ನ ಹುಲ್ಲು ಕೊಳೀತಿತ್ತು. ಸುಮ್ನೆ ಕುಡಿಯೋ."

ಇಬ್ಬರೂ ಹೀಗೇ. ಟ್ಯೂನಿಸನ ತಮ್ಮ ಯಾಸ್ಪರ್ ನಗುತ್ತಾ ಬಾಗಿಲಲ್ಲಿ ನಿಂತಿರುತ್ತಿದ್ದ, ಕಾಲಿಗೆ ಕೆಸರಾಗಿದೆಯೆಂದು ಒಳಗೆ ಬರುತ್ತಿರಲಿಲ್ಲ.

ಆ ಬೇಸಿಗೆ ಫ್ರೆಂಚ್ ಸೈನ್ಯ ಒಂದೊಂದೇ ಊರು ನುಂಗುತ್ತಾ ನಮ್ಮ ಕಡೆ ಬಂತು. ತಡೆಯಲು ಇದ್ದದ್ದು ಒಂದೇ ದಾರಿ: ಏರಿಗಳ ತೂಬು ತೆರೆದು, ಕಡಲಿಗಿಂತ ತಗ್ಗಿನಲ್ಲಿರುವ ನಮ್ಮ ನೆಲವನ್ನೆಲ್ಲ ನೀರಿನಲ್ಲಿ ಮುಳುಗಿಸುವುದು. ನಮ್ಮೂರಿನ ತೂಬು ಒಡೆಯಲು ನಮ್ಮದೇ ರಾಜ್ಯದ ಸೈನಿಕರು ಬಂದಾಗ ಹೊಲಗಳಲ್ಲಿ ಅಗಸೆ ನೀಲಿಯಾಗಿ ಹೂಬಿಟ್ಟಿತ್ತು. ರೈತರು ಗುದ್ದಲಿ, ಕವೆಗೋಲು ಹಿಡಿದು ತೂಬಿನ ಮೇಲೆ ಸಾಲುಗಟ್ಟಿ ನಿಂತರು.

"ನಮ್ಮ ಹೆಣದ ಮೇಲೆ ನೀರು ಬಿಡ್ರೋ!" ಎಂದು ಟ್ಯೂನಿಸ್ ಕೂಗಿದ.

ಸೈನಿಕರ ನಾಯಕ ಇನ್ನೂ ಮೀಸೆ ಸರಿಯಾಗಿ ಮೂಡದವನು. ಎರಡು ಸಲ ಬೆದರಿಸಿದ. ಯಾರೋ ಹೆಂಟೆ ಎಸೆದರು, ಅದು ಅವನ ಬಾಯಿಗೆ ಬಡಿದು ರಕ್ತ ಬಂತು. ಬಂದೂಕುಗಳು ಸಿಡಿದವು. ಯಾಸ್ಪರನ ಹೊಟ್ಟೆಗೆ ಗುಂಡು ಬಿತ್ತು. ನಾನು ಓಡಿಹೋಗಿ ನನ್ನ ಏಪ್ರನ್ ಸುತ್ತಿ ಒತ್ತಿ ಹಿಡಿದೆ; ಬಟ್ಟೆಯ ತುಂಬ ಬಿಸಿ. "ಅಕ್ಕಾ, ತಣ್ಣಗಾಗ್ತಿದೆ, ನೀರು ಬಂತೇನು?" ಎಂದು ಕೇಳಿದ. ನೀರು ಆಗಲೇ ಬರತೊಡಗಿತ್ತು. ಕೊಡಲಿಯೇಟಿಗೆ ತೂಬಿನ ಹಲಗೆ ಸೀಳಿ, ಕಂದುನೀರು ಅಗಸೆ ಹೂಗಳನ್ನು ಮಲಗಿಸುತ್ತಾ ನುಗ್ಗಿತು. ಯಾಸ್ಪರ್ ಅಲ್ಲೇ ಸತ್ತ. ಟ್ಯೂನಿಸ್ ಅಳಲಿಲ್ಲ. ತಮ್ಮನನ್ನು ಹೆಗಲಿಗೆ ಹಾಕಿಕೊಂಡು ಮೊಣಕಾಲುದ್ದ ನೀರಿನಲ್ಲಿ ಮನೆಗೆ ನಡೆದ.

ಎತ್ತರದ ಮಣ್ಣಿನ ಮೇಲಿದ್ದ ಮನೆಗಳು, ಬಾವಿ ಮುಳುಗಲಿಲ್ಲ; ಆದರೆ ಹೂಳಲು ಒಣನೆಲ ಸಿಕ್ಕಿದ್ದು ಚರ್ಚಿನ ದಿಬ್ಬದಲ್ಲಿ ಮಾತ್ರ. ಅದು ಮುಗಿದ ಸಂಜೆಯೇ ವೋಲ್ಫರ್ಟ್ ಕಾಗದ ಕಟ್ಟಿದ ಹಲಗೆ ತೆಗೆದುಕೊಂಡು ಏರಿಯ ಕಡೆ ಹೊರಟ. ತೂಬಿನ ಒಂದು ದೊಡ್ಡ ಚಿತ್ರವನ್ನು ಅವನು ವಸಂತದಿಂದಲೂ ಬರೆಯುತ್ತಿದ್ದ, ಆಕಾಶಕ್ಕೆ ಇನ್ನೂ ಪದರಗಳು ಬಾಕಿಯಿದ್ದವು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಇವತ್ತು ಬೇಡ. ಆ ಹುಡುಗನ ಮೇಲಿನ ಮಣ್ಣು ಇನ್ನೂ ಹಸಿ ಇದೆ."

"ಲೈಸ್ಬೆತ್, ಹೊರಗೆ ನೋಡಿದ್ದೀಯಾ? ಕೆಳಗೂ ಆಕಾಶ, ಮೇಲೂ ಆಕಾಶ. ನಾನು ಹುಟ್ಟಿದಾಗಿಂದ ಹೀಗೆ ಕಂಡಿಲ್ಲ."

"ಜನಕ್ಕೆ ಅದು ಕಾಣ್ತಿಲ್ಲ. ಏರಿ ಮೇಲೆ ಕಾಗದ ಹಿಡ್ಕೊಂಡು ಕೂತಿರೋ ನೀನು ಕಾಣ್ತೀಯ."

"ಎಲ್ಲಾ ನನ್ನ ಪರಿಚಯದವರೇ" ಎಂದು ಹೇಳಿ ನನ್ನನ್ನು ಮೆಲ್ಲಗೆ ಸರಿಸಿ ಹೋದ. ಮರುದಿನವೂ ಹೋದ, ಅದರ ಮರುದಿನವೂ.

ಬಾವಿಯ ಹತ್ತಿರ ಗಿರಣಿಯವನ ಹೆಂಡತಿ ನನ್ನ ಕೊಡ ತುಂಬುವ ಮೊದಲೇ ಕೇಳಿದಳು: "ನಿನ್ನ ಗಂಡ ಫ್ರೆಂಚರಿಗೆ ದಾರಿ ಬರ್ಕೊಡ್ತಾನಂತೆ, ಹೌದೇನೇ? ಎಲ್ಲಿ ಏರಿ ಗಟ್ಟಿ, ಎಲ್ಲಿ ನೀರು ಮೊಣಕಾಲುದ್ದ, ಎಲ್ಲಾ ಬರೀತಾನಂತೆ?"

"ಅವನು ಮೋಡ ಬರೀತಾನೆ."

"ಮೋಡ ನೋಡೋಕೆ ಏರಿ ಯಾಕೆ ಬೇಕು? ಅದು ನಮ್ಮ ಹಿತ್ತಲಲ್ಲೂ ಇದೆಯಲ್ಲ."

ಉಳಿದ ಹೆಂಗಸರು ನಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಮನೆಗೆ ಬಂದು ವೋಲ್ಫರ್ಟನಿಗೆ ಹೇಳಿದರೆ, "ಟ್ಯೂನಿಸ್‌ನ ಕರೆದು ಚಿತ್ರ ತೋರಿಸಿಬಿಡ್ತೀನಿ, ಅವನೇ ಅವರಿಗೆ ಹೇಳ್ತಾನೆ" ಎಂದ.

ಕರೆಯಬೇಕಾಗಲಿಲ್ಲ. ಒಂದು ಮಧ್ಯಾಹ್ನ ಉತ್ತರದ ಕಿಟಕಿ ಒಡೆದು ಕಲ್ಲು ಒಳಗೆ ಬಿತ್ತು. ಹಿಂದೆಯೇ ಬಾಗಿಲು ಚಿಲಕ ಸಮೇತ ಕಿತ್ತು ಬಂತು. ಟ್ಯೂನಿಸನ ಕೈಯಲ್ಲಿ ಕೊಡಲಿ, ಅವನ ಹಿಂದೆ ಗಿರಣಿಯವನು, ಮೀನು ಹಿಡಿಯುವ ಅಣ್ಣತಮ್ಮಂದಿರು, ಇನ್ನೂ ಯಾರ್ಯಾರೋ. ಕಾಗದಗಳನ್ನು ಹರಿದರು, ಬಣ್ಣದ ಗಡಿಗೆಗಳನ್ನು ಗೋಡೆಗೆ ಅಪ್ಪಳಿಸಿದರು. ಗಿರಣಿಯವನು ಆ ದೊಡ್ಡ ಚಿತ್ರದ ಮುಂದೆ ನಿಂತು ಕಿರುಚಿದ: "ನೋಡ್ರೋ ಇಲ್ಲಿ! ತೂಬು! ಒಂದೊಂದು ಹಲಗೆನೂ ಬರೆದವನೆ!"

"ಟ್ಯೂನಿಸ್, ಅದನ್ನ ನೀನು ಮೊದಲೇ ನೋಡಿದ್ದೀಯಲ್ಲೋ," ಎಂದ ವೋಲ್ಫರ್ಟ್. "ವಸಂತದಿಂದ ಅಲ್ಲೇ ಇದೆ. ನೀನೇ ಅದಕ್ಕೆ ಎಣ್ಣೆ ತಂದೆ."

"ನನ್ನ ಎಣ್ಣೆ," ಎಂದ ಟ್ಯೂನಿಸ್. ಅವನ ದನಿ ಸಣ್ಣಗಿತ್ತು. "ನನ್ನ ಎಣ್ಣೇಲಿ ನನ್ನ ತಮ್ಮನ್ನ ಕೊಂದ ಜಾಗ ಬರ್ದಿದ್ದೀಯ."

"ಮೇಲೆ ಮೇಲೆ ಇಷ್ಟೊಂದು ಬಳಿದವನೆ ಅಂದ್ರೆ, ಅದರ ಕೆಳಗೇನೋ ಅಡಗಿಸವನೆ!" ಎಂದ ಗಿರಣಿಯವನು. "ನಕ್ಷೆ ಇರ್ತದೆ ಕೆಳಗೆ!"

ಬಟ್ಟೆ ನೆನೆಸಲು ಒಲೆಯ ಬಳಿ ಇಟ್ಟಿದ್ದ ಬೂದಿಯ ಕ್ಷಾರದ ಬಕೆಟ್ಟನ್ನು ಟ್ಯೂನಿಸ್ ಎತ್ತಿ ಚಿತ್ರದ ಮೇಲೆ ಎರಚಿದ. ಗೋಣಿತಟ್ಟು ತೆಗೆದುಕೊಂಡು ಉಜ್ಜತೊಡಗಿದ. ಎಳೆಯ ತಿಳಿಬಣ್ಣ ಕ್ಷಾರಕ್ಕೆ ತಡೆಯುವುದಿಲ್ಲ. ಮೊದಲು ಸಂಜೆಗೆಂಪು ಹೋಯಿತು, ಆಮೇಲೆ ಹಳದಿ, ಆಮೇಲೆ ನಾನು ವಸಂತದುದ್ದಕ್ಕೂ ಅರೆದ ನೀಲಿ. ಕೊಚ್ಚೆಯಾಗಿ ನೆಲಕ್ಕೆ ಇಳಿಯಿತು. ಕೆಳಗೆ ಉಳಿದದ್ದು ಬಿಳಿ, ಮೂಳೆಯಂಥ ಬರೀ ಬಿಳಿ. ನಕ್ಷೆಯೂ ಇಲ್ಲ, ಗೆರೆಯೂ ಇಲ್ಲ. ಟ್ಯೂನಿಸ್ ಆದರೂ ಉಜ್ಜುವುದನ್ನು ನಿಲ್ಲಿಸಲಿಲ್ಲ.

ನನ್ನ ಗಂಡ ಕೋಳಿ ಕೊಯ್ಯುವಾಗಲೂ ಮುಖ ತಿರುಗಿಸುವವನು. ಅವನು ಬಣ್ಣ ಅರೆಯುವ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿದ್ದನ್ನು ನಾನು ನೋಡಿದೆ. ಟ್ಯೂನಿಸ್ ಸದ್ದಿಗೆ ತಿರುಗಿದ. ಕಲ್ಲು ಅವನ ಎಡಗಣ್ಣಿನ ಮೇಲೆ ಬಿತ್ತು. ಒದ್ದೆ ಹಲಗೆ ಮುರಿದಂಥ ಶಬ್ದ. ಅವನು ಚಿತ್ರದ ಮೇಲೇ ಕುಸಿದ. ಆ ಬಿಳಿಯ ಮೇಲೆ ರಕ್ತ ಬಳಬಳನೆ ಇಳಿಯಿತು.

ಆಮೇಲೆ ಎಲ್ಲರೂ ವೋಲ್ಫರ್ಟನ ಮೇಲೆ ಬಿದ್ದರು. ಮರದ ಮೆಟ್ಟಿನ ಕಾಲುಗಳಲ್ಲಿ ತುಳಿದರು. ಮೀನುಗಾರರಲ್ಲಿ ದೊಡ್ಡವನು ಅವನ ಬಲಗೈಯನ್ನು ಹಾಸುಕಲ್ಲಿನ ಮೇಲೆ ಚಾಚಿ ಹಿಡಿದ. ಗಿರಣಿಯವನು ಅದೇ ಗುಂಡುಕಲ್ಲನ್ನು ಎತ್ತಿ ಹಾಕಿದ. ಒಮ್ಮೆಯಲ್ಲ. ನಾನು ಗಿರಣಿಯವನ ಕಿವಿ ಕಚ್ಚಿ ಜೋತುಬಿದ್ದೆ. ನನ್ನನ್ನು ಒದ್ದು ಮೂಲೆಗೆ ಕೆಡವಿದರು.

"ನೀರಿಗೆ ಹಾಕ್ರೋ! ಅವನಿಗೆ ಅಷ್ಟು ಇಷ್ಟವಾದ ನೀರಿಗೇ ಹಾಕಿ!"

ಕೂದಲು ಹಿಡಿದು ಎಳೆದುಕೊಂಡು ಹೋದರು.

ಆಗ ನಾನು ಏನನ್ನೂ ಯೋಚಿಸಲಿಲ್ಲ. ಒಡೆಯದೆ ಉಳಿದಿದ್ದ ಟರ್ಪೆಂಟೈನ್ ಜಾಡಿ ಒಂದು ಕಂಕುಳಲ್ಲಿ, ಒಲೆಯ ಕೆಂಡ ತುಂಬಿದ ಸಲಿಕೆ ಕೈಯಲ್ಲಿ, ಏರಿಗೆ ಓಡಿದೆ. ನೀರು ಬರುವ ಮೊದಲು ಕೊಯ್ದು ಉಳಿಸಿಕೊಂಡಿದ್ದ ಹುಲ್ಲೆಲ್ಲ ಅಲ್ಲಿ ಕಟ್ಟಿದ್ದ ಒಂದು ದೊಡ್ಡ ದೋಣಿಯಲ್ಲಿತ್ತು. ಇಡೀ ಊರಿನ ದನಗಳಿಗೆ ಚಳಿಗಾಲದ ಮೇವು ಅದೊಂದೇ. ಗಾಳಿ ಮನೆಗಳ ಕಡೆಗೆ ಬೀಸುತ್ತಿತ್ತು, ಸೂರುಗಳೆಲ್ಲ ಹುಲ್ಲಿನವು.

"ಬಿಡ್ರೋ ಅವನನ್ನ!" ಎಂದೆ. "ಬಿಡದಿದ್ರೆ ಸುಡ್ತೀನಿ!"

ಗಿರಣಿಯವನು ಹರಿದ ಕಿವಿ ಒತ್ತಿ ಹಿಡಿದು ನಕ್ಕ. "ಸುಡ್ತಾಳಂತೆ! ಸುಡೇ ನೋಡೋಣ."

ವೋಲ್ಫರ್ಟನ ತಲೆಯನ್ನು ನೀರಿಗೆ ಅದುಮಿದರು. ನಾನು ಜಾಡಿಯನ್ನು ಹುಲ್ಲಿನ ಮೇಲೆ ಒಡೆದು ಕೆಂಡ ಚೆಲ್ಲಿದೆ.

ಬೆಂಕಿ ಹತ್ತಿಕೊಂಡ ರಭಸಕ್ಕೆ ನನ್ನ ಹುಬ್ಬುಗಳು ಸುಟ್ಟವು. ಅವರು ಕಿರುಚುತ್ತಾ ವೋಲ್ಫರ್ಟನನ್ನು ಅಲ್ಲೇ ಬಿಟ್ಟು ಓಡಿದರು, ಕೆಲವರು ದೋಣಿಗೆ, ಕೆಲವರು ತಮ್ಮ ಸೂರುಗಳಿಗೆ ನೀರೆರೆಯಲು. ನಾನು ಎದೆಮಟ್ಟ ನೀರಿಗಿಳಿದು ಅವನ ಕೊರಳಪಟ್ಟಿ ಹಿಡಿದೆಳೆದೆ. ಮುಖ ನೀಲಿಗಟ್ಟಿತ್ತು. ಬೆನ್ನಿಗೆ ಗುದ್ದಿದೆ, ಗುದ್ದಿದೆ. ಕೊನೆಗೆ ಕಂದುನೀರು ಕಾರಿಕೊಂಡ. ಯಾರದೋ ಪುಟ್ಟ ದೋಣಿಯಲ್ಲಿ ಅವನನ್ನು ಮಲಗಿಸಿ ಜಲ್ಲೆಯಿಂದ ನೂಕಿಕೊಂಡು ಹೊರಟೆ. ಕೆಳಗೆ, ನೀರಿನಡಿಯಲ್ಲಿ, ಅಗಸೆಯ ಗಿಡಗಳು ಇನ್ನೂ ಹಸಿರಾಗಿಯೇ ಓಲಾಡುತ್ತಿದ್ದವು. ಹಿಂದೆ ಮೂರ್ನಾಲ್ಕು ಮನೆಗಳು ಹೊತ್ತಿಕೊಂಡಿದ್ದವು. ಒಂದು ನಮ್ಮದು.

ಹಾರ್ಲೆಮ್ ಪಟ್ಟಣದಲ್ಲಿ ನನ್ನ ಚಿಕ್ಕಮ್ಮನ ಅಟ್ಟದಲ್ಲಿ ಇಳಿದೆವು. ವೈದ್ಯ ಅವನ ಎರಡು ಬೆರಳು ಕತ್ತರಿಸಿದ, ಉಳಿದವು ಸೆಟೆದುಕೊಂಡವು. ವೋಲ್ಫರ್ಟ್ ಯಾಸ್ಪರನ ಹೆಸರನ್ನಾಗಲಿ ಟ್ಯೂನಿಸನ ಹೆಸರನ್ನಾಗಲಿ ಎತ್ತಲಿಲ್ಲ.

ಚಳಿ ಶುರುವಾದಾಗ ಮೀನಿನ ಸಂತೆಯಲ್ಲಿ ಟ್ಯೂನಿಸನ ಹೆಂಡತಿ ಮಾರಿಖೆ ನನ್ನ ಕಣ್ಣಿಗೆ ಬಿದ್ದಳು. ಊರು ಬಿಟ್ಟು ಬಂದವರಲ್ಲಿ ಅವಳೂ ಒಬ್ಬಳು. ಅವಳು ಬುಟ್ಟಿ ಕೆಳಗಿಟ್ಟು ನೇರ ಬಂದು ನನ್ನ ಕೆನ್ನೆಗೆ ಬಾರಿಸಿದಳು. ನಾನೂ ಬಾರಿಸಿದೆ. ಟೋಪಿ ಕಿತ್ತು, ಜುಟ್ಟು ಹಿಡಿದು, ಮೀನಿನ ಪೊರೆಯಲ್ಲಿ ಇಬ್ಬರೂ ಹೊರಳಾಡಿದೆವು. "ಬಿಡಿಸ್ರೋ, ಕೊಂದ್ಕೋತಾರೆ!" ಎಂದು ಯಾರೋ ಬಕೆಟ್ ನೀರು ಸುರಿದರು. ಆಮೇಲೆ ಏದುಸಿರು ಬಿಡುತ್ತಾ ಒಂದೇ ಕಟ್ಟೆಯ ಮೇಲೆ ಕುಳಿತೆವು.

"ಟ್ಯೂನಿಸ್‌ನ ಉರಿಯೋ ಮನೆಯಿಂದ ಎಳ್ಕೊಂಡ್ಬಂದ್ರು, ಆದ್ರೂ ಗಾಯಕ್ಕೆ ಕೀವಾಗಿ ಸತ್ತ," ಎಂದಳು. "ಕೊನೆಕೊನೆಗೆ ಮೈಮೇಲೆ ಜ್ಞಾನ ಇರ್ಲಿಲ್ಲ. ಯಾಸ್ಪರ್ ಬಂದಿದಾನೆ, ಬಾಗಿಲು ತೆಗಿ ಅಂತಿದ್ದ. ದನಗಳೂ ಹೋದ್ವು, ಹುಲ್ಲಿಲ್ದೆ."

"ನನ್ನ ಗಂಡನ್ನ ಮುಳುಗಿಸ್ತಿದ್ರು ಮಾರಿಖೆ."

"ಗೊತ್ತು." ಅವಳು ತನ್ನ ಟೋಪಿ ಹಿಂಡಿ ತಲೆಗೆ ಹಾಕಿಕೊಂಡಳು. "ಮತ್ತೆ ನನ್ನ ಎದುರಿಗೆ ಬರಬೇಡ." ಬುಟ್ಟಿ ಎತ್ತಿಕೊಂಡು ಹೋದಳು. ನಾವು ಮತ್ತೆ ಮಾತಾಡಿಲ್ಲ.

ವೋಲ್ಫರ್ಟನಿಗೆ ಅಂದೇ ಹೇಳಿದೆ. ಅವನು ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ, ಬಹಳ ಹೊತ್ತಾದ ಮೇಲೆ ನುಂಗಿದ. ಬೆಳಗಾಗುತ್ತಲೇ ಎಡಗೈಯಲ್ಲಿ ಬರೆಯಲು ಕೂತ. ಮೋಡದ ಮೇಲೆ ಕಪ್ಪು, ಕಪ್ಪಿನ ಮೇಲೆ ಕಂದು, ಎಲ್ಲ ಹಸಿಹಸಿಯಾಗಿಯೇ. ಒಂದು ಪದರವೂ ಒಣಗಲು ಬಿಡುತ್ತಿರಲಿಲ್ಲ. ಒಂದೇ ದಿನಕ್ಕೆ ಒಂದು ಆಕಾಶ, ಮುಚ್ಚಿದ ಬಾಗಿಲಿನಂಥ ಆಕಾಶ.

ಅವುಗಳಲ್ಲಿ ಒಂದನ್ನು ನಾನು ತೆಗೆದಿಟ್ಟು ಒಣಗಿಸಿದೆ. ಅವನು ಹೊರಗೆ ಹೋದಾಗಲೆಲ್ಲ ಅದರ ಮೋಡಗಳಿಗೆ ಬಿಳಿ ಕಟ್ಟಿದೆ. ಅದೂ ಒಣಗಿದ ಮೇಲೆ ಮಂಜಿಷ್ಠದ ತಿಳಿಬಣ್ಣ ಸವರಿ, ಅಂಗೈಯಂಚಿನಿಂದ ತಟ್ಟಿ ತಟ್ಟಿ ಹರಡಿದೆ. ಅಷ್ಟರಲ್ಲಿ ಅವನು ಮೆಟ್ಟಿಲು ಹತ್ತಿ ಬಂದ. ನೋಡಿದ. ಮುಖ ಕಲ್ಲಾಯಿತು. ಮೇಜಿನ ಚಾಕು ತೆಗೆದುಕೊಂಡು, ಕ್ಯಾನ್ವಾಸನ್ನು ಈ ತುದಿಯಿಂದ ಆ ತುದಿಗೆ ಸೀಳಿದ. ಚಾಕು ನನ್ನ ಕೈಯ ಹತ್ತಿರವೇ ಹಾದುಹೋಯಿತು.

"ಯಾರು ಮುಟ್ಟು ಅಂದ್ರು ನಿನಗೆ? ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಇನ್ನೊಂದು ಬರೀತೀನಿ. ಅದನ್ನೂ ಸೀಳು. ಆಮೇಲೆ ಇನ್ನೊಂದು."

"ಟ್ಯೂನಿಸನ ಕಣ್ಣು ನನ್ನ ಕೈಯಲ್ಲಿ ಹೋಯ್ತು ಲೈಸ್ಬೆತ್. ನನ್ನ ಕೈಯಲ್ಲಿ."

"ಹೌದು. ಊರು ನನ್ನ ಕೈಯಲ್ಲಿ ಹೋಯ್ತು."

ಅವನು ನೆಲಕ್ಕೆ ಕುಸಿದು, ಆ ಮುರುಕು ಕೈಯನ್ನು ಬಾಯಿಗೆ ಒತ್ತಿಕೊಂಡು, ಪ್ರಾಣಿಯಂತೆ ಗೋಳಿಟ್ಟ. ಕೆಳಗಿನಿಂದ ಚಿಕ್ಕಮ್ಮ ಹೆದರಿ ಓಡಿ ಬಂದಳು. ನಾನು ಅವಳನ್ನು ವಾಪಸು ಕಳಿಸಿದೆ.

ಈಗ ಆಕಾಶ ಬರೆಯುವವಳು ನಾನು. ಅವನು ಹಿಂದೆ ಕುಳಿತು ಬೈಯುತ್ತಾನೆ: "ದಪ್ಪ ಆಯ್ತು, ಒರೆಸು. ಒಣಗಿಲ್ಲ ಕಣೇ, ಕಾಯಿ." ಕೆಲವು ದಿನ ಬ್ರಷ್ ಕಿತ್ತು ಗೋಡೆಗೆ ಎಸೆಯುತ್ತಾನೆ. ನಾನು ಎತ್ತಿಕೊಂಡು ಬಂದು, ಎಣ್ಣೆಯಲ್ಲಿ ಅದ್ದಿ, ಮತ್ತೆ ಕೂರುತ್ತೇನೆ.