ಬುಡು, ಬುಡ್ಬೇಡ

ಮಂಚಯ್ಯನ ಕಾಲು ಹೋದ ಮೇಲೆ ಗಾಡಿ ತಡೆಯುವ ಬೋರ್ಡು ಹೊನ್ನಕ್ಕನ ಕೈಗೆ ಬಂತು.

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಹೋಗುವ ರಸ್ತೆಯನ್ನು ಅಗಲ ಮಾಡುತ್ತಿದ್ದರು. ಹರದನಹಳ್ಳಿ ಕಡೆಯಿಂದ ಕೂಲಿಗೆ ಬರುತ್ತಿದ್ದ ಹೆಂಗಸರ ಗುಂಪಿನಲ್ಲಿ ಹೊನ್ನಕ್ಕ ಜಲ್ಲಿ ಹೊತ್ತು ಹರಡುವ ಕೆಲಸ ಮಾಡಿಕೊಂಡಿದ್ದಳು. ಕೆಂಪು ಬಟ್ಟೆ ಬೀಸಿ ಗಾಡಿಗಳನ್ನು ತಡೆಯುವ ಕೆಲಸ ಮಂಚಯ್ಯನದು. ಒಂದು ದಿನ ಬೀಡಿ ಹಚ್ಚಿಕೊಳ್ಳಲೆಂದು ಅವನು ಗಾಳಿಗೆ ಬೆನ್ನು ಕೊಟ್ಟು ನಿಂತ. ಗಾಳಿ ಬರುತ್ತಿದ್ದ ಕಡೆಯಿಂದಲೇ ತೆಂಗಿನಕಾಯಿ ತುಂಬಿದ ಲಗೇಜ್ ಆಟೊ ಕೂಡ ಬಂತು. ಹೊನ್ನಕ್ಕ ಓಡಿಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ಅವನು ಕಾಲಿನ ಮಾತೇ ಎತ್ತಲಿಲ್ಲ. "ನನ್ ಚಪ್ಲಿ ಎಲ್ಲವ್ವಾ?" ಎಂದು ಕೇಳಿದ. ಅನ್ನದ ತಟ್ಟೆಯ ಮುಂದೆ ಕೂತಾಗಲೂ ಆ ಪ್ರಶ್ನೆ ಅವಳ ಕಿವಿಯಲ್ಲಿ ಕೇಳುತ್ತಿತ್ತು.

ಆಮೇಲೆ ಮೇಲಿನಿಂದ ಹುಕುಂ ಬಂತು. ಇನ್ನು ಮುಂದೆ ತರಬೇತಿ ಆದವರು ಮಾತ್ರ, ಬಟ್ಟೆಯ ಬದಲು ಒಂದು ಮುಖ ಕೆಂಪು ಇನ್ನೊಂದು ಮುಖ ಹಸಿರು ಇರುವ ಬೋರ್ಡು ಹಿಡಿದು ಗಾಡಿ ತಡೆಯಬೇಕು. ಸೂಪರ್‌ವೈಸರ್ ಕೀರ್ತಿರಾಜ್ ಕೂಲಿಯವರ ಮೇಲೆ ಕಣ್ಣಾಡಿಸಿ ಮೊದಲು ನಟರಾಜು ಎಂಬ ಹುಡುಗನ ಕಡೆ, ಆಮೇಲೆ ಹೊನ್ನಕ್ಕನ ಕಡೆ ಕೈ ತೋರಿಸಿದ.

"ನಂಗ್ ಬ್ಯಾಡ ಸಾ. ನಾನ್ ಜಲ್ಲಿನೇ ಹೊತ್ಕತೀನಿ," ಎಂದಳು ಹೊನ್ನಕ್ಕ.

"ಸುಮ್ನೆ ನಿಂತ್ಕಳೋ ಕೆಲ್ಸ ಕಣಮ್ಮ. ಅದೇನ್ ಕಷ್ಟ?" ಎಂದ ಕೀರ್ತಿರಾಜ್.

ತರಬೇತಿ ನಡೆದದ್ದು ಹೊಳೆನರಸೀಪುರದ ಹೊರಗೆ ಒಂದು ಅಕ್ಕಿ ಗಿರಣಿಯ ಸಿಮೆಂಟ್ ಕಣದಲ್ಲಿ. ಹಾಸನದಿಂದ ಬಂದಿದ್ದ ದೀಪಶ್ರೀ ಎಂಬ ಹುಡುಗಿಯೇ ಮೇಷ್ಟ್ರು. ದಿನವೆಲ್ಲ ಕೂಗಿ ಕೂಗಿ ಅವಳ ಗಂಟಲು ಒಡೆದುಹೋಗಿತ್ತು. ಪ್ಲಾಸ್ಟಿಕ್ ಕೋನುಗಳನ್ನು ರಸ್ತೆಗೆ ಅಡ್ಡಲಾಗಿ ಅಲ್ಲ, ಓರೆಯಾಗಿ ಇಡಬೇಕು. ಮುಂದೆ ಕೆಲಸ ನಡೆದಿದೆ ಎಂಬ ಫಲಕ ಬಹಳ ದೂರದಲ್ಲೇ ಇರಬೇಕು. ಬರುವ ಗಾಡಿಗೆ ಎಂದೂ ಬೆನ್ನು ಕೊಡಬಾರದು. ನಿಲ್ಲುವ ಮೊದಲೇ, ಹಾರಬೇಕಾಗಿ ಬಂದರೆ ಎತ್ತ ಹಾರುವುದು ಎಂದು ನೋಡಿಟ್ಟುಕೊಂಡಿರಬೇಕು. ವಾಕಿಟಾಕಿಯಲ್ಲಿ ಆ ತುದಿಯವರು ಏನು ಹೇಳುತ್ತಾರೋ ಅದನ್ನೇ ತಿರುಗಿ ಹೇಳಿ, ಅವರು ಹೂಂ ಅಂದ ಮೇಲೆ ಬೋರ್ಡು ತಿರುಗಿಸಬೇಕು. ಎಡೆಬಿಡದೆ ಉದ್ದ ಸೀಟಿ ಕೇಳಿಸಿತೋ, ಕೈಯಲ್ಲಿದ್ದದ್ದನ್ನು ಬಿಸಾಕಿ ಎಲ್ಲರೂ ರಸ್ತೆ ಬಿಟ್ಟು ಇಳಿಯಬೇಕು. ಇಷ್ಟನ್ನೂ ಅವಳು ಹೇಳಿದಳು, ಮಾಡಿ ತೋರಿಸಿದಳು.

ಕೊನೆಗೆ ಒಬ್ಬೊಬ್ಬರನ್ನೇ ಬೋರ್ಡು ಕೊಟ್ಟು ನಿಲ್ಲಿಸಿ, ತಾನೇ ಜೀಪು ಓಡಿಸಿಕೊಂಡು ಅವರ ಮೇಲೆ ಬರತೊಡಗಿದಳು. ನಟರಾಜು ಚಂಗನೆ ಹಾರಿದ. ಹೊನ್ನಕ್ಕನ ಸರದಿ ಬಂದಾಗ ಜೀಪಿನ ಮೂತಿ ದೊಡ್ಡದಾಗುತ್ತ ಬಂತು. ಹಾರು ಎಂದು ತಲೆ ಹೇಳಿತು, ಕಾಲು ಕೇಳಲಿಲ್ಲ. ಬೋರ್ಡಿನ ಕೋಲನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದು, ಕಣ್ಣು ಮುಚ್ಚಿಕೊಂಡು ಹಾಗೇ ನಿಂತುಬಿಟ್ಟಳು. ಬ್ರೇಕು ಕಿರುಗುಟ್ಟಿತು. ಕಣ್ಣು ಬಿಟ್ಟಾಗ ಜೀಪು ಅವಳ ಸೀರೆಯ ನೆರಿಗೆಗೆ ತಾಗುವಷ್ಟು ಹತ್ತಿರದಲ್ಲಿತ್ತು.

ದೀಪಶ್ರೀ ಇಳಿದು ಬಂದು ಅವಳ ಬೆರಳುಗಳನ್ನು ಕೋಲಿನಿಂದ ಒಂದೊಂದಾಗಿ ಬಿಡಿಸಿದಳು. "ಹೆದರಿದ್ದು ತಪ್ಪಲ್ಲ ಅಕ್ಕಾ. ಹೆದರಿ ನಿಂತಿದ್ದು ತಪ್ಪು. ಬೋರ್ಡು ಹೋದ್ರೆ ಇನ್ನೊಂದು ಬೋರ್ಡು ತರ್ತಾರೆ."

"ಕಾಲ್ ಬರಾಕಿಲ್ಲ ಕಣ್ರವ್ವ. ನನ್ನ ಬುಟ್ಬುಡಿ."

ದೀಪಶ್ರೀ ಬಿಡಲಿಲ್ಲ. ಮತ್ತೆ ಓಡಿಸಿದಳು, ಮತ್ತೆ ಮತ್ತೆ ಓಡಿಸಿದಳು. ಗಿರಣಿಯ ಹಮಾಲರು ಕೆಲಸ ಬಿಟ್ಟು ನೋಡುತ್ತ ನಿಂತರು. ಬಿಸಿಲು ಇಳಿಯುವ ಹೊತ್ತಿಗೆ ಹೊನ್ನಕ್ಕನ ಕಾಲು ತಲೆಯನ್ನು ಕೇಳದೆ ತಾನೇ ಹಾರತೊಡಗಿತ್ತು. ಭಯ ಮಾತ್ರ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ.

ಕೆಲಸ ನಡೆಯುತ್ತಿದ್ದ ಜಾಗವೂ ಕೆಟ್ಟದಾಗಿತ್ತು. ಕಾಲುವೆಯ ಪಕ್ಕ ರಸ್ತೆ ಉದ್ದಕ್ಕೆ ಬಾಗುತ್ತಿತ್ತು. ಅರ್ಧ ರಸ್ತೆ ಅಗೆದು ಹಾಕಿದ್ದರಿಂದ ಉಳಿದರ್ಧದಲ್ಲಿ ಒಂದು ಸಲಕ್ಕೆ ಒಂದು ಕಡೆಯ ಗಾಡಿಗಳು ಮಾತ್ರ ಹೋಗಬೇಕು. ಹೊಳೆನರಸೀಪುರದ ತುದಿಯಲ್ಲಿ ಹೊನ್ನಕ್ಕ, ಅರಕಲಗೂಡಿನ ತುದಿಯಲ್ಲಿ ನಟರಾಜು. ನಡುವೆ ಮಾದಮ್ಮ ಮತ್ತಿತರ ಹೆಂಗಸರ ಗುಂಪು, ಚಂದ್ರಯ್ಯ ಓಡಿಸುವ ರೋಲರು. ತಿರುವಿನ ಹೊಂಗೆ ಮರಗಳಿಂದಾಗಿ ಇವಳಿಗೆ ಅವನು ಕಾಣ, ಅವನಿಗೆ ಇವಳು ಕಾಣಳು. ಇಬ್ಬರ ನಡುವೆ ಇದ್ದದ್ದು ಆ ಗೊರಗುಟ್ಟುವ ವಾಕಿಟಾಕಿ ಒಂದೇ.

ಮೊದಲ ದಿನಗಳಲ್ಲಿ ಕಲಿಸಿದ ಹಾಗೇ ನಡೆಯಿತು. ಅವನು "ಬುಡು" ಎಂದರೆ ಇವಳು "ಬುಡ್ತಾ ಇವ್ನಿ" ಎನ್ನುವಳು, ಅವನು "ಹೂಂ" ಎಂದ ಮೇಲೆ ಬೋರ್ಡು ತಿರುಗಿಸುವಳು. ಆದರೆ ಗಾಡಿಯವರು ಹಾರ್ನು ಹೊಡೆದು ಪ್ರಾಣ ತಿನ್ನುತ್ತಿದ್ದರು. ಒಂದು ದಿನ ಕೀರ್ತಿರಾಜ್ ಬಂದು, "ಏನಿದು, ಗಿಳಿ ತರ ಅಂದಿದ್ದೇ ಅಂತೀರಾ? ಬೇಗ ಬೇಗ ಬಿಡ್ರಮ್ಮ, ಪಟ್ಟಣದ ತನಕ ಗಾಡಿ ನಿಂತವೆ" ಎಂದು ರೇಗಿದ. ಹೊನ್ನಕ್ಕನಿಗೆ ನಾಚಿಕೆಯಾಯಿತು. ಅಂದಿನಿಂದ ತಿರುಗಿ ಹೇಳುವುದು ನಿಂತಿತು.

ಆ ದಿನ ಬೆಳಗಿನ ಬಿಸಿಲು ಆಗಷ್ಟೇ ಚುರುಗುಟ್ಟತೊಡಗಿತ್ತು. ಹೊನ್ನಕ್ಕನ ಮುಂದೆ ಒಂದು ಖಾಸಗಿ ಬಸ್ಸು, ಅದರ ಹಿಂದೆ ಕಾರು, ಬೈಕುಗಳ ಸಾಲು ನಿಂತಿತ್ತು. ಬಸ್ಸಿನ ಕಿಟಕಿಯಲ್ಲಿ ಒಬ್ಬ ಬಾಣಂತಿ ಮಗುವಿನ ತಲೆಗೆ ಟವೆಲ್ ಸುತ್ತುತ್ತ ಕೂತಿದ್ದಳು. ಬಿಸಿಲು ಬೀಳುತ್ತಿದ್ದ ಕಡೆ ಕೈ ಅಡ್ಡ ಹಿಡಿದು, ಬೇಗ ಬಿಡವ್ವ ಎನ್ನುವಂತೆ ಹೊನ್ನಕ್ಕನನ್ನು ನೋಡಿದಳು. ವಾಕಿಟಾಕಿ ಗೊರಗುಟ್ಟಿತು.

"ಅಕ್ಕಾ, ಬುಡ್..."

ಹೊನ್ನಕ್ಕ ಬೋರ್ಡನ್ನು ಹಸಿರಿಗೆ ತಿರುಗಿಸಿದಳು. ಬಸ್ಸು ಕೋನುಗಳ ಪಕ್ಕದಲ್ಲಿ ನುಗ್ಗಿ ತಿರುವಿನಲ್ಲಿ ಮರೆಯಾಯಿತು.

ಮತ್ತೆ ಗೊರಗುಟ್ಟಿತು. "ಟಿಪ್ಪರ್ ಬತ್ತಾ ಐತೆ ಅಕ್ಕಾ. ಜಲ್ಲಿ ಲೋಡು. ಅದು ಆಚೆ ಬಂದ್ಮ್ಯಾಕೆ ನಿನ್ ಕಡೇವು ಬುಡು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಗುಂಡಿ ಒತ್ತಿ ಕೂಗಿದಳು.

"ನಟರಾಜೂ! ಬಸ್ ಬುಟ್ಬುಟ್ಟೆ ಕಣೋ! ಬುಡು ಅಂದ್ಯಲ್ಲೋ!"

"ಬುಡ್ಬೇಡ ಅಂದೆ ಕಣಕ್ಕಾ! ಬುಡ್ಬೇಡ ಅಂದೆ!" ಅವನ ದನಿ ಸೀಳಿಹೋಯಿತು. ಆಮೇಲೆ ಬರೀ ಗೊರಗೊರ.

ಬಸ್ಸಿನ ಹಿಂದೆ ಓಡಬೇಕೆಂದು ಅವಳ ಕಾಲು ಎರಡು ಹೆಜ್ಜೆ ಕಿತ್ತಿತು. ಅಷ್ಟರಲ್ಲಿ ಪಕ್ಕದಲ್ಲಿ ಕಾರು ಮುಂದಕ್ಕೆ ಜಾರಿತು, ಬೈಕೊಂದು ಕೋನಿನ ಸಂದಿಗೆ ಮೂತಿ ಹಾಕಿತು. ತಾನು ಓಡಿದರೆ ಈ ಸಾಲೆಲ್ಲ ಬಸ್ಸಿನ ಬೆನ್ನಿಗೇ ನುಗ್ಗುತ್ತದೆ. ಬಸ್ಸಿಗೆ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ಹೊನ್ನಕ್ಕ ಹಿಂದಕ್ಕೆ ಬಂದಳು. ಬೋರ್ಡನ್ನು ಕೆಂಪಿಗೆ ತಿರುಗಿಸಿ ಎತ್ತಿ ಹಿಡಿದಳು. ಇನ್ನೊಂದು ಕೈಯಿಂದ ಕೊರಳಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟು, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಊದಿದಳು.

ಊದಿದಳು. ಉಸಿರು ಮುಗಿದರೆ ಒಳಗೆಳೆದುಕೊಂಡು ಮತ್ತೆ ಊದಿದಳು. ತಿರುವಿನ ಆಚೆ ರೋಲರು ಗಡಗಡ ಎನ್ನುತ್ತಲೇ ಇತ್ತು. ಆ ಸದ್ದಿನಲ್ಲಿ ಮಾದಮ್ಮನಿಗೆ ಕೇಳಿಸೀತೆ? ಅವಳಿಗೆ ಒಂದು ಕಿವಿ ಮಂದ. ಮಕ್ಕರಿ ಹೊತ್ತು ಬಗ್ಗಿದ್ದರೆ ತಲೆ ಎತ್ತುತ್ತಾಳೆಯೇ? ಆ ಮಗು? ಹೊನ್ನಕ್ಕನ ಕಣ್ಣು ಕತ್ತಲೆಗಟ್ಟಿತು. ಕೆನ್ನೆ ಸಿಡಿಯುವಂತಾಯಿತು.

ಆಗ ಆ ಕಡೆಯಿಂದ ಕೇಳಿಸಿತು. ಮೊದಲು ಟೈರು ಉಜ್ಜುವ ಸದ್ದು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಹೊಂಗೆ ಮರಗಳ ಮೇಲೆ ಕೆಂಧೂಳು ಎದ್ದಿತು. ರೋಲರಿನ ಗಡಗಡ ನಿಂತುಹೋಯಿತು.

ಎಲ್ಲವೂ ನಿಂತುಹೋಯಿತು. ಒಂದು ಕೂಗೂ ಇಲ್ಲ, ಅಳುವೂ ಇಲ್ಲ. ಅಳು ಕೇಳಿಸಿದ್ದರೆ ಯಾರೋ ಬದುಕಿದ್ದಾರೆ ಎಂದಾದರೂ ತಿಳಿಯುತ್ತಿತ್ತು.

ಕಾರಿನವನು ಬಾಗಿಲು ತೆಗೆದು ಇಳಿದ. "ಏನಾಯ್ತು? ದಾರಿ ಬಿಡಮ್ಮ, ಹೋಗಿ ನೋಡಣ."

"ಗಾಡಿ ಬ್ಯಾಡ ಅಣ್ಣಾ. ನಡ್ಕಂಡ್ ಓಗಿ. ಗಾಡಿ ಮಾತ್ರ ಬ್ಯಾಡ," ಎಂದಳು. ಅದು ತನ್ನ ದನಿಯೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ಅವನು ಓಡಿದ. ಬೈಕಿನ ಹುಡುಗರು ಗಾಡಿ ನಿಲ್ಲಿಸಿ ಓಡಿದರು. ಎಲ್ಲರೂ ನೋಡಲು ಹೋದರು, ನೋಡಲೇಬೇಕಾದ ಹೊನ್ನಕ್ಕ ಮಾತ್ರ ಅಲ್ಲೇ ಬೋರ್ಡು ಹಿಡಿದು ನಿಂತಿರಬೇಕಾಯಿತು. ವಾಕಿಟಾಕಿಯ ಗುಂಡಿ ಒತ್ತಿ "ನಟರಾಜೂ, ನಟರಾಜೂ" ಎಂದಳು. ಉತ್ತರ ಬರಲಿಲ್ಲ. ಒಂದೊಂದು ಮುಖವೂ ಅವಳ ಕಣ್ಣ ಮುಂದೆ ಬಂತು. ಮಾದಮ್ಮನದು, ಚಂದ್ರಯ್ಯನದು, ಟವೆಲ್ ಸುತ್ತಿಕೊಂಡಿದ್ದ ಆ ಪುಟ್ಟ ತಲೆ. ಹಿಂದಿನ ಗಾಡಿಗಳಲ್ಲಿ ಯಾರಾದರೂ ಸುಮ್ಮನೆ ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದಳು.

ಎಷ್ಟು ಹೊತ್ತು ಕಳೆಯಿತೋ. ತಿರುವಿನಲ್ಲಿ ಒಂದು ಆಕೃತಿ ಕಾಣಿಸಿತು. ಸೊಂಟದವರೆಗೆ ಕೆಸರು, ಒಂದು ಕಾಲು ಎಳೆದುಕೊಂಡು ಬರುತ್ತಿತ್ತು. ಮಾದಮ್ಮ.

"ಯಾರ್ ಓಗ್ಬುಟ್ರು?" ಎಂದು ಹೊನ್ನಕ್ಕ ಕೂಗಿದಳು.

"ಯಾರೂ ಓಗಿಲ್ಲ ಕಣೇ! ಕಾಲ್ ಉಳುಕ್ತು ಅಷ್ಟೇಯ."

ಹೊನ್ನಕ್ಕ ಆಗಲೂ ಬೋರ್ಡು ಇಳಿಸಲಿಲ್ಲ. ಇಳಿಸಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಮಾದಮ್ಮ ಬಂದು ಅವಳನ್ನು ತಬ್ಬಿಕೊಂಡು ನಡೆದದ್ದನ್ನೆಲ್ಲ ಹೇಳಿದಳು. ಸೀಟಿ ಕೇಳಿಸಿದ್ದು ಚಂದ್ರಯ್ಯನಿಗೂ ಅಲ್ಲ, ಮಾದಮ್ಮನಿಗೂ ಅಲ್ಲ, ಕೊನೆಯಲ್ಲಿದ್ದ ಒಬ್ಬ ಹುಡುಗಿಗೆ. ಅವಳು ಮಕ್ಕರಿ ಬಿಸಾಕಿ ಹಾರಿದಳು. ಅವಳನ್ನು ನೋಡಿ ಎಲ್ಲರೂ ಸಾಲಾಗಿ ಕಾಲುವೆಗೆ ಧುಮುಕಿದರು. ಹೆಂಗಸರೆಲ್ಲ ಒಮ್ಮೆಗೇ ನೀರಿಗೆ ಬೀಳುವುದನ್ನು ಕಂಡ ಟಿಪ್ಪರಿನವನು ಗಾಬರಿಯಾಗಿ ಬ್ರೇಕು ಅಮುಕಿದ. ಲೋಡಿನ ಭಾರಕ್ಕೆ ಟಿಪ್ಪರು ಜಾರಿ, ಅದುವರೆಗೆ ಅವರು ಜಲ್ಲಿ ಹರಡುತ್ತಿದ್ದ ಜಾಗದ ಮೇಲೆಯೇ ಬಂದು ರೋಲರಿಗೆ ಗುದ್ದಿ ನಿಂತಿತು. ಚಂದ್ರಯ್ಯ ಆ ಹೊತ್ತಿಗೆ ಕೆಳಗೆ ಹಾರಿದ್ದ. ಟಿಪ್ಪರಿನವನ ಹಣೆ ಒಡೆದಿತ್ತು. ಟಿಪ್ಪರನ್ನು ಕಂಡು ಬ್ರೇಕು ಹಾಕಿದ್ದ ಬಸ್ಸು ಅದರ ಎದುರಿಗೆ ಒಂದು ಮಾರು ದೂರದಲ್ಲಿ ನಿಂತಿತ್ತು.

"ಮಗ?" ಎಂದಳು ಹೊನ್ನಕ್ಕ.

"ಯಾವ್ ಮಗ?"

"ಬಸ್ಸಲ್ಲಿ ಒಂದ್ ಕೂಸಿತ್ತು."

"ಅದಾ? ಅದ್ಕೆ ಎಚ್ಚರನೇ ಆಗಿಲ್ಲ ಕಣೇ."

ಹೊನ್ನಕ್ಕ ರಸ್ತೆಯ ಪಕ್ಕ ಕುಸಿದು ಕೂತಳು. ಆಗ ವಾಂತಿ ಬಂತು.

ಮಧ್ಯಾಹ್ನ ಕೀರ್ತಿರಾಜ್ ಎಲ್ಲರನ್ನೂ ಸೇರಿಸಿದ. "ನೋಡ್ರಪ್ಪ, ದೇವ್ರು ದೊಡ್ಡೋನು, ಯಾರ್ಗೂ ಏನೂ ಆಗಿಲ್ಲ. ಇದು ಇಲ್ಲಿಗೇ ಇರ್ಲಿ. ಹಾಸನಕ್ಕೆ ಸುದ್ದಿ ಹೋದ್ರೆ ಕೆಲಸ ನಿಲ್ಲಿಸ್ತಾರೆ, ಎಲ್ಲಾ ಮನೇಲಿ ಕೂತ್ಕೋಬೇಕಾಯ್ತದೆ." ನಟರಾಜು ತಲೆ ತಗ್ಗಿಸಿಕೊಂಡು ಕೂತಿದ್ದ. ಬೆಳಗಿನಿಂದ ಅವನು ಹೊನ್ನಕ್ಕನ ಮುಖ ನೋಡಿರಲಿಲ್ಲ.

ಕೆಲಸ ಹೋಗುವ ಭಯ ಹೊನ್ನಕ್ಕನಿಗೂ ಇತ್ತು. ಮನೆಯಲ್ಲಿ ಗಂಡ ಲಕ್ಕಯ್ಯ ಒಬ್ಬನ ಕೂಲಿಯಿಂದ ಸಂಸಾರ ನಡೆಯುತ್ತಿರಲಿಲ್ಲ. ಆದರೆ ನಾಳೆ ಬೆಳಿಗ್ಗೆ ಅದೇ ತಿರುವಿನಲ್ಲಿ ಅದೇ ವಾಕಿಟಾಕಿ ಹಿಡಿದು ನಿಲ್ಲುವುದನ್ನು ನೆನೆದರೆ ಅದಕ್ಕಿಂತ ದೊಡ್ಡ ಭಯವಾಗುತ್ತಿತ್ತು. ಹೊಂಗೆ ಮರದ ಹಿಂದೆ ಹೋಗಿ ದೀಪಶ್ರೀಗೆ ಫೋನು ಮಾಡಿದಳು. "ಮೇಡಮ್ಮಾರೆ, ನಾನ್ ಜನಗಳ್ನ ಸಾಯಿಸ್ಬುಡ್ತಿದ್ದೆ," ಎಂದಳು. ಮುಂದಿನ ಮಾತು ಅಳುವಿನಲ್ಲಿ ಕೊಚ್ಚಿಹೋಯಿತು.

ಸಂಜೆಯ ಒಳಗೆ ದೀಪಶ್ರೀ ಬಂದಳು. ಕೀರ್ತಿರಾಜ್ ಏನೋ ಹೇಳಲು ಹೋದರೆ, "ಆಮೇಲೆ ಮಾತಾಡೋಣ" ಎಂದು ಅವನನ್ನು ಪಕ್ಕಕ್ಕಿಟ್ಟಳು. ಹೊನ್ನಕ್ಕನನ್ನೂ ನಟರಾಜುವನ್ನೂ ಅವರವರ ಜಾಗಕ್ಕೇ ಕಳಿಸಿ, ತಾನು ಹೊನ್ನಕ್ಕನ ಪಕ್ಕ ನಿಂತು ಬೆಳಗಿನ ಮಾತನ್ನೇ ಮತ್ತೆ ಆಡಿಸಿದಳು. "ಬುಡ್ಬೇಡ" ಎಂದು ನಟರಾಜು ಅಲ್ಲಿ ಪೂರ್ತಿಯೇ ಹೇಳುತ್ತಿದ್ದ. ಆದರೆ ಗಡಿಬಿಡಿಯಲ್ಲಿ ಮಾತು ಮುಗಿಯುವ ಮೊದಲೇ ಗುಂಡಿಯಿಂದ ಬೆರಳು ತೆಗೆಯುತ್ತಿದ್ದ. ಈ ತುದಿಗೆ ಬರುತ್ತಿದ್ದದ್ದು "ಬುಡ್" ಅಷ್ಟೇ.

ನಟರಾಜು ಓಡಿಬಂದು, ಇಲ್ಲಿ ಕೇಳಿಸಿದ್ದು ಎಷ್ಟೆಂದು ದೀಪಶ್ರೀಯಿಂದ ತಿಳಿದುಕೊಂಡ. "ಅಕ್ಕಾ," ಎಂದ. ಹೊನ್ನಕ್ಕನ ಪಕ್ಕ ಕೂತ.

"ನಾನೂ ತಿರುಗ್ಸಿ ಕೇಳ್ಲಿಲ್ವಲ್ಲಪ್ಪ," ಎಂದಳು ಅವಳು.

ದೀಪಶ್ರೀ ತನ್ನನ್ನೂ ಬಿಡಲಿಲ್ಲ. "ಒಂದೇ ಥರ ಶುರುವಾಗೋ ಎರಡು ಮಾತು ಇಟ್ಕೊಳ್ಳೋಕೆ ಬಿಟ್ಟಿದ್ದು ನಂದೇ ತಪ್ಪು," ಎಂದಳು. ಅಂದಿನಿಂದ ಬುಡು, ಬುಡ್ಬೇಡ ಎರಡನ್ನೂ ಬಿಟ್ಟು ಕೆಂಪು, ಹಸಿರು ಎಂದು ಮಾತ್ರ ಹೇಳಬೇಕೆಂದಾಯಿತು. ತಿರುಗಿ ಹೇಳದೆ ಬೋರ್ಡು ಅಲುಗಬಾರದು, ಅವಸರ ಮಾಡಲು ಯಾರೂ ಬರಬಾರದು ಎಂದು ಕೀರ್ತಿರಾಜ್‌ಗೂ ಖಡಾಖಂಡಿತವಾಗಿ ಹೇಳಿದಳು. ಕೆಲಸ ಎರಡು ದಿನ ನಿಂತಿತು, ಮತ್ತೆ ಶುರುವಾಯಿತು.

ಆ ಬೆಳಿಗ್ಗೆ ಹೊನ್ನಕ್ಕ ಬರುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. "ಬ್ಯಾಡ ಬುಡು, ಬೇರೆ ಏನಾರ ನೋಡಣ" ಎಂದು ಲಕ್ಕಯ್ಯನೂ ಹೇಳಿದ್ದ. ಆದರೆ ಅವಳು ಬಂದಳು. ಹೊಳೆಯುವ ಪಟ್ಟಿಯ ಜಾಕೆಟ್ಟು ತೊಟ್ಟು, ಹಾರುವ ಜಾಗ ನೋಡಿಕೊಂಡು ನಿಂತಳು. ವಾಕಿಟಾಕಿ ಗೊರಗುಟ್ಟಿದಾಗ ಅದನ್ನು ಕಿವಿಗೆ ಒತ್ತಿ ಹಿಡಿದಳು.

"ಅಸ್ರು, ಅಕ್ಕಾ."

"ಅಸ್ರು ಅಂದ್ಯಾ?"

"ಹೂಂ, ಅಸ್ರು."

ಬೋರ್ಡು ತಿರುಗಿಸಿದಳು. ಮೊದಲ ಗಾಡಿ ತಿರುವು ದಾಟಿ, ದಾಟಿತು ಎಂದು ನಟರಾಜು ಹೇಳುವವರೆಗೆ ಅವಳು ಉಸಿರು ಬಿಡಲಿಲ್ಲ.

ಮುಂಗಾರು ಮುಗಿಯುವ ಹೊತ್ತಿಗೆ ದೀಪಶ್ರೀ ಅವಳನ್ನು ಚನ್ನರಾಯಪಟ್ಟಣಕ್ಕೆ ಕರೆಸಿಕೊಂಡಳು. ಹಿರೀಸಾವೆ ಕಡೆಯ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ತರಬೇತಿ. ಆ ದಿನ ನಡೆದದ್ದನ್ನು ಹೊನ್ನಕ್ಕ ಇದ್ದದ್ದಿದ್ದ ಹಾಗೆ ಹೇಳಿದಳು, ವಾಂತಿ ಮಾಡಿಕೊಂಡದ್ದನ್ನೂ ಬಿಡದೆ. ಯಾರೂ ನಗಲಿಲ್ಲ. ಕೊನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. "ಈಗ್ಲೂ ಭಯ ಆಯ್ತದಾ ಅಕ್ಕಾ?"

"ಆಯ್ತದೆ ಕಣವ್ವ. ಬೆಳಿಗ್ಗೆ ಮಕ ತೊಳೀವಾಗ್ಲೇ ಸುರು ಆಯ್ತದೆ," ಎಂದಳು ಹೊನ್ನಕ್ಕ. ಮೇಜಿನ ಮೇಲಿದ್ದ ಎರಡು ವಾಕಿಟಾಕಿಗಳಲ್ಲಿ ಒಂದನ್ನು ತೆಗೆದು ಅವಳ ಕೈಗಿಟ್ಟಳು. "ತಗೋ, ಆ ತುದೀಗ್ ಓಗಿ ನಿಂತ್ಕೊ. ನಾನ್ ಒಂದ್ ಮಾತ್ ಏಳ್ತೀನಿ. ಏನ್ ಕೇಳಿಸ್ತೋ ಅದ್ನೇ ನಂಗೆ ತಿರುಗ್ಸಿ ಏಳು."